ತಕ್ಕಡಿಗೆ ಬೀಳದ ತೂಕ

ಒಂದು ಕಿಲೋ ಮೈ ಬೆಳೆಸಿಕೊಳ್ಳುವುದಕ್ಕೆ ಎಷ್ಟು ಕಿಲೋ ತಿನ್ನಬೇಕು? ಪಶುಪಾಲನೆಯ ಶಾಸ್ತ್ರವನ್ನು ಓದಿದವರು, ಮಾಂಸಕ್ಕಾಗಿ ಸಾಕುವ ಪ್ರಾಣಿಯನ್ನು ಕುರಿತು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು. ತಿಂದ ಮೇವಿನ ತೂಕವನ್ನು ಏರಿದ ಮೈತೂಕದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅಂಕಿ ಚಿಕ್ಕದಾದಷ್ಟೂ ಪ್ರಾಣಿ ದೊಡ್ಡದು. ಅಂದರೆ, ಶಾಸ್ತ್ರಜ್ಞರ ಕಣ್ಣಿನಲ್ಲಿ ದೊಡ್ಡದು. ಈ ಲೆಕ್ಕದಲ್ಲಿ ಮೋಸವಿಲ್ಲ, ಮುಚ್ಚುಮರೆಯಿಲ್ಲ. ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಭಾಗಾಕಾರ. ಆದರೂ ಇಷ್ಟು ಸರಳವಾದ ಭಾಗಾಕಾರದ ಬೆನ್ನ ಹಿಂದೆ ಒಂದು ಧರ್ಮದ ಪ್ರಶ್ನೆ ಅಡಗಿ ಕುಳಿತಿದೆಯೆಂದು ನನಗೆ ಬಹುಕಾಲದಿಂದ ತೋರುತ್ತಿದೆ. ಆ ಪ್ರಶ್ನೆಯನ್ನು ಹಂದಿಯ ನೆಪದಲ್ಲಿ ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಹಂದಿಯ ಹೆಸರು ಕೇಳಿದೊಡನೆ ಕೆಲವು ವಾಚಕರು ಮೂಗು ಮುರಿಯಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನಲ್ಲಿ ಆ ಶಬ್ದವನ್ನೇ ಎತ್ತುವಂತಿಲ್ಲ. ಕೊಡಗಿನವರು ಇದನ್ನು ಓದಿ ನಕ್ಕಾರು. ಅವರ ಮದುವೆಯೂಟದಲ್ಲಿ ಪಂದಿಕರಿ ಇಲ್ಲದಿದ್ದರೆ ಅದನ್ನು ಊಟವೆಂದು ಒಪ್ಪುವವರು ಕಡಮೆ. ಉಳಿದ ನಾವಾದರೂ ಅದೇ ಪ್ರಾಣಿಯ ಹೆಸರನ್ನು ಸಂಸ್ಕೃತದಲ್ಲಿ ಹೇಳಿದರೆ ಕೈಮುಗಿಯುತ್ತೇವೆ. ಬಾದಾಮಿಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ಹಿಡಿದು ನಿಂತಿರುವವನು ವರಾಹ. ಚಾಲುಕ್ಯರು ಅವನನ್ನೇ ತಮ್ಮ ಲಾಂಛನವಾಗಿ ಮಾಡಿಕೊಂಡರು. ವಿಜಯನಗರದ ಕಾಲದಲ್ಲಿ ಚಿನ್ನದ ನಾಣ್ಯಕ್ಕೂ ವರಾಹವೆಂದೇ ಹೆಸರು. ಹಂದಿಗೂ ಹಣಕ್ಕೂ ಇರುವ ಈ ನಂಟನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಲಿ; ಮುಂದೆ ಅದು ಬೇಕಾಗುತ್ತದೆ.

ಇಂಗ್ಲೆಂಡಿನ ಲಾರ್ಜ್ ವೈಟ್, ಡೆನ್ಮಾರ್ಕಿನ ಲ್ಯಾಂಡ್ರೇಸ್, ಅಮೆರಿಕದ ಡ್ಯೂರಾಕ್ ಮುಂತಾದ ತಳಿಗಳನ್ನು ಬಹುಕಾಲದ ಆಯ್ಕೆಯಿಂದ ತಿದ್ದಿ ತಂದಿದ್ದಾರೆ. ಒಳ್ಳೆಯ ಕೊಟ್ಟಿಗೆ, ಒಳ್ಳೆಯ ಮೇವು, ತಂಪಾದ ಹವೆ ಇದ್ದರೆ ಇವು ಸುಮಾರು ಎರಡೂವರೆ ಮೂರು ಕಿಲೋ ತಿಂದು ಒಂದು ಕಿಲೋ ಬೆಳೆಯುತ್ತವೆ. ಬೆಳೆಯುವ ವಯಸ್ಸಿನಲ್ಲಿ ದಿನಕ್ಕೆ ಮುಕ್ಕಾಲು ಕಿಲೋವಿನಷ್ಟು ಏರುತ್ತವೆ. ಆರು ತಿಂಗಳು ತುಂಬುವ ಹೊತ್ತಿಗೆ ನೂರು ಕಿಲೋ ತೂಗುತ್ತವೆ. ಉಷ್ಣವಲಯದ ನಾಡತಳಿಗಳ ಕಥೆ ಬೇರೆ. ಅವಕ್ಕೆ ಒಂದು ಕಿಲೋ ಬೆಳೆಯಲು ನಾಲ್ಕೋ ಐದೋ ಕಿಲೋ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ದಿನದ ಏರಿಕೆ ಕಾಲು ಕಿಲೋ ಆದರೆ ಪುಣ್ಯ. ವರ್ಷ ಕಳೆದರೂ ನೂರು ಕಿಲೋ ಮುಟ್ಟದವೇ ಬಹಳ.

ಈ ವ್ಯತ್ಯಾಸಕ್ಕೆ ಕಾರಣಗಳಿವೆ. ಪ್ರಾಣಿ ತಿಂದದ್ದರಲ್ಲಿ ಒಂದು ಪಾಲು ಬದುಕಿರುವುದಕ್ಕೇ ಖರ್ಚಾಗುತ್ತದೆ. ಉಸಿರಾಟ, ಓಡಾಟ, ಮೈಶಾಖ ಎಲ್ಲಕ್ಕೂ ಅದರಿಂದಲೇ ಸಲ್ಲಬೇಕು. ಮಿಕ್ಕದ್ದು ಮಾತ್ರ ಮೈಗೆ ಸೇರುತ್ತದೆ. ನಿಧಾನವಾಗಿ ಬೆಳೆಯುವ ಪ್ರಾಣಿ ಈ ದಿನಬಾಡಿಗೆಯನ್ನು ಹೆಚ್ಚು ದಿನ ತೆರಬೇಕಾಗುತ್ತದೆ. ಎರಡನೆಯದಾಗಿ, ನಾಡಹಂದಿ ಕೊಬ್ಬನ್ನು ಕೂಡಿಡುವ ಸ್ವಭಾವದ್ದು. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಕೊಬ್ಬಿನಲ್ಲಿ ನೀರು ಅತ್ಯಲ್ಪ. ಆದುದರಿಂದ ಒಂದು ಕಿಲೋ ಕೊಬ್ಬು ಕಟ್ಟಲು ಒಂದು ಕಿಲೋ ಮಾಂಸ ಕಟ್ಟುವುದಕ್ಕಿಂತ ಎಷ್ಟೋ ಹೆಚ್ಚು ಮೇವು ಬೇಕು. ಕೊಬ್ಬನ್ನು ಬೇಡವೆನ್ನುವ ಪೇಟೆಗೆ ಇದು ದಂಡದ ಖರ್ಚು. ಬಡವನ ಮನೆಗೋ, ಅದೇ ಕೊಬ್ಬು ಅಡುಗೆಯ ಎಣ್ಣೆ. ಹಂದಿಯ ಪಾಲಿಗಂತೂ ಅದು ಮೇವಿಲ್ಲದ ತಿಂಗಳುಗಳಿಗೆಂದು ಮೈಯಲ್ಲೇ ಕಟ್ಟಿಕೊಂಡ ಬುತ್ತಿ.

ಇನ್ನು ಸೆಕೆಯ ಮಾತು. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳುವ ಅನುಕೂಲವಿಲ್ಲ. ಕೆಸರಿನಲ್ಲಿ ಹೊರಳುವುದನ್ನು ನಾವು ಅದರ ಹೊಲಸುತನವೆನ್ನುತ್ತೇವೆ. ನಿಜವಾಗಿ ಅದು ತನಗಿಲ್ಲದ ಬೆವರನ್ನು ಹೊರಗಿನಿಂದ ಬಳಿದುಕೊಳ್ಳುವ ಉಪಾಯ. ಮೈಗೆ ಹತ್ತಿದ ಕೆಸರು ಬರಿಯ ನೀರಿಗಿಂತ ಹೆಚ್ಚು ಹೊತ್ತು ಆರುತ್ತ ತಂಪು ಕೊಡುತ್ತದೆ. ಉಂಡ ಆಹಾರ ಜೀರ್ಣವಾಗುವಾಗಲೂ ಮೈಯಲ್ಲಿ ಶಾಖ ಹುಟ್ಟುತ್ತದೆಯಾದ್ದರಿಂದ ಸೆಕೆಯಾದ ಹಂದಿ ಮೊದಲು ಮಾಡುವ ಕೆಲಸ ಊಟ ಕಡಮೆಮಾಡುವುದು. ಬೇಗ ಬೆಳೆಯುವಂತೆ ತಿದ್ದಿದ ತಳಿ ಹೆಚ್ಚು ತಿನ್ನಬೇಕಾದದ್ದು. ಹೆಚ್ಚು ಶಾಖ ಹುಟ್ಟಿಸುವಂಥದು. ಅದಕ್ಕೆ ಸೆಕೆಯ ಪೆಟ್ಟೂ ಹೆಚ್ಚು. ಕೆರೀಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಫ್ರೆಂಚ್ ವಿಜ್ಞಾನಿಗಳು ಅಲ್ಲಿಯ ಕ್ರಿಯೋಲ್ ಹಂದಿಯನ್ನೂ ಯುರೋಪಿನ ಲಾರ್ಜ್ ವೈಟನ್ನೂ ಒಟ್ಟಿಗೆ ಸಾಕಿ ಪರೀಕ್ಷೆಮಾಡಿದ್ದಾರೆ. ಬೆಳವಣಿಗೆಯಲ್ಲಿ ಗೆದ್ದದ್ದು ಲಾರ್ಜ್ ವೈಟೇ. ಆದರೆ ಸೆಕೆಯನ್ನು ತಾಳುವುದರಲ್ಲಿ ಕ್ರಿಯೋಲ್ ಮೇಲು. ನಾಡಹಂದಿಯ ಮಂದಗತಿಯನ್ನು ನಾವು ಸೋಮಾರಿತನವೆಂದು ಬಗೆದರೆ ತಪ್ಪಾಗುತ್ತದೆ; ಬೆಂಕಿಯ ಪಕ್ಕದಲ್ಲಿ ಬದುಕಬೇಕಾದವನು ತನ್ನ ಒಲೆಯನ್ನು ಸಣ್ಣದಾಗಿ ಉರಿಸಿಕೊಳ್ಳುವಂತೆ ಅದು.

ಇಷ್ಟರಲ್ಲಿ ಧರ್ಮದ ಪ್ರಶ್ನೆ ಎಲ್ಲಿ ಬಂತು ಎಂದು ವಾಚಕರು ಕೇಳಬಹುದು. ಬಂದದ್ದು ಹೈಟಿ ದೇಶದಲ್ಲಿ.

ಕೆರೀಬಿಯನ್ನಿನ ಆ ಬಡದೇಶದಲ್ಲಿ ಒಂದು ಕಾಲಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕ್ರಿಯೋಲ್ ಹಂದಿಗಳಿದ್ದುವೆಂದು ಅಂದಾಜು. ಕಪ್ಪಗೆ, ಚಿಕ್ಕದಾಗಿ, ಗಟ್ಟಿಮುಟ್ಟಾಗಿದ್ದ ಜಾತಿ. ಯಾರೂ ಅದಕ್ಕೆ ಮೇವು ಕೊಂಡು ಹಾಕುತ್ತಿರಲಿಲ್ಲ. ಬಿದ್ದ ಮಾವಿನಹಣ್ಣು, ಅಡುಗೆಮನೆಯ ಕಸ, ಕಬ್ಬಿನ ಸಿಪ್ಪೆ, ಹೊಲದ ಬೇರು, ಹುಳು, ಹೀಗೆ ಸಿಕ್ಕಿದ್ದನ್ನು ತಿಂದು, ಮೂತಿಯಿಂದ ನೆಲವನ್ನು ಅಗೆದು, ಗೊಬ್ಬರ ಹಾಕಿ, ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ರೈತನಿಗೆ ಬ್ಯಾಂಕು ಇರಲಿಲ್ಲ, ಹಂದಿ ಇತ್ತು. ಮಕ್ಕಳ ಶಾಲೆಯ ಫೀಜು, ಮಗಳ ಮದುವೆ, ಮುದುಕರ ಔಷಧಿ, ಸತ್ತವರ ಸಂಸ್ಕಾರ, ಯಾವುದು ಬಂದರೂ ಒಂದು ಹಂದಿಯನ್ನು ಮಾರಿದರೆ ಕೈಗೆ ಕಾಸು ಬರುತ್ತಿತ್ತು. ನಮ್ಮ ಹಿರಿಯರ ವರಾಹ ನಾಣ್ಯದ ಮೇಲಿನ ಹಂದಿ ಬರಿಯ ಹೆಸರು; ಹೈಟಿಯವರ ವರಾಹ ನಾಲ್ಕು ಕಾಲಿನ ಮೇಲೆ ಓಡಾಡುತ್ತಿದ್ದ ನಾಣ್ಯ.

೧೯೭೮ರಲ್ಲಿ ನೆರೆಯ ಡೊಮಿನಿಕನ್ ಗಣರಾಜ್ಯದಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಸ್ವಲ್ಪ ಕಾಲದಲ್ಲೇ ಅದು ಹೈಟಿಗೂ ಬಂತು. ಮನುಷ್ಯರಿಗೆ ತಗಲದ, ಹಂದಿಗಳಿಗೆ ಮಾತ್ರ ಮೃತ್ಯುರೂಪವಾದ ರೋಗ. ಮದ್ದಿಲ್ಲ, ಆಗ ಲಸಿಕೆಯೂ ಇರಲಿಲ್ಲ. ತಮ್ಮ ದೇಶದ ಹಂದಿಗಳಿಗೂ ಹರಡೀತೆಂದು ಅಮೆರಿಕ ಸಂಯುಕ್ತಸಂಸ್ಥಾನ ಮುಂತಾದ ದೇಶಗಳು ಹೆದರಿದುವು. ಅವರ ಹಣ, ಡುವಾಲಿಯೇ ಸರಕಾರದ ಒಪ್ಪಿಗೆ, ಇವೆರಡೂ ಕೂಡಿ ೧೯೮೨–೮೩ರಲ್ಲಿ ಹೈಟಿಯ ಹಂದಿಗಳನ್ನೆಲ್ಲ, ರೋಗವಿದ್ದುವನ್ನೂ ಇಲ್ಲದುವನ್ನೂ, ಕೊಂದು ಮುಗಿಸಿದರು. ಪರಿಹಾರದ ಹಣವನ್ನು ಗೊತ್ತುಮಾಡಿದ್ದರು. ಅದು ತಮಗೆ ಸರಿಯಾಗಿ ತಲುಪಲಿಲ್ಲವೆಂಬ ದೂರು ಹಳ್ಳಿಗಳಲ್ಲಿ ವ್ಯಾಪಕವಾಗಿತ್ತು.

ಕೊಂದದ್ದು ತಪ್ಪೋ ಸರಿಯೋ ಎಂಬುದನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಸಾಂಕ್ರಾಮಿಕ ರೋಗದ ಮುಂದೆ ಕಠೋರವಾದ ನಿರ್ಧಾರ ಬೇಕಾಗುವುದುಂಟು. ೨೦೨೦ರಲ್ಲಿ ಇದೇ ರೋಗ ಅಸ್ಸಾಮು ಅರುಣಾಚಲಗಳಿಗೆ ಬಂದಾಗ ನಮ್ಮ ದೇಶದಲ್ಲಿಯೂ ಹಂದಿಗಳನ್ನು ಕೊಲ್ಲಬೇಕಾಯಿತು. ನನ್ನ ಪ್ರಶ್ನೆ ಆಮೇಲೆ ನಡೆದದ್ದನ್ನು ಕುರಿತದ್ದು. ಕಳೆದುಕೊಂಡ ರೈತರಿಗೆ ಬದಲಾಗಿ ಒಳ್ಳೆಯ ಹಂದಿಗಳನ್ನು ಕೊಡೋಣವೆಂದು ಅಮೆರಿಕದ ಅಯೋವ ಪ್ರಾಂತದಿಂದ ಬಿಳಿಯ, ದೊಡ್ಡ ಮೈಯ ಹಂದಿಗಳನ್ನು ತರಿಸಿದರು. ಭಾಗಾಕಾರದಲ್ಲಿ ಅವು ಕ್ರಿಯೋಲಿಗಿಂತ ಎಷ್ಟೋ ಮೇಲು. ಆದರೆ ಅವಕ್ಕೆ ಶುದ್ಧವಾದ ನೀರು ಬೇಕು. ಆ ನೀರು ಎಷ್ಟೋ ಹಳ್ಳಿಗಳಲ್ಲಿ ಮನುಷ್ಯರಿಗೇ ಇರಲಿಲ್ಲ. ತಲೆಯ ಮೇಲೆ ಸೂರು, ಕಾಲ ಕೆಳಗೆ ಸಿಮೆಂಟಿನ ನೆಲ ಬೇಕು. ಸಾಕುವವನ ಮನೆಗೆ ಮಣ್ಣಿನ ನೆಲ. ಹೊರದೇಶದಿಂದ ಬರುವ ಮೇವನ್ನು ಹಣಕೊಟ್ಟು ಕೊಳ್ಳಬೇಕು. ಹಣಕ್ಕಾಗಿಯೇ ಅವನು ಹಂದಿ ಸಾಕುತ್ತಿದ್ದವನು! ಹೈಟಿಯ ರೈತರು ಈ ಅತಿಥಿಗಳಿಗೆ ‘ನಾಲ್ಕು ಕಾಲಿನ ರಾಜಕುಮಾರ’ರೆಂದು ಹೆಸರಿಟ್ಟರು. ಬಡವರು ನಗುವ ಬಗೆ ಅದು; ಆ ನಗೆಯಲ್ಲಿ ಒಂದು ಆರ್ಥಿಕ ವರದಿಗಿಂತ ಹೆಚ್ಚು ಅರ್ಥವಿದೆ. ಯೋಜನೆ ಕೆಟ್ಟಿತು. ಹಂದಿಯ ಹಣ ನಿಂತಮೇಲೆ ಮಕ್ಕಳು ಶಾಲೆ ಬಿಟ್ಟರೆಂದು, ಮುಂದೆ ಆ ದೇಶದ ಅಧ್ಯಕ್ಷರಾದ ಅರಿಸ್ತೀದ್ ಬರೆದಿದ್ದಾರೆ.

ಈಗ ಭಾಗಾಕಾರಕ್ಕೆ ಹಿಂದಿರುಗೋಣ. ಕ್ರಿಯೋಲ್ ಹಂದಿ ಒಂದು ಕಿಲೋ ಬೆಳೆಯಲು ಐದು ಕಿಲೋ ತಿನ್ನುತ್ತಿತ್ತೆಂದೇ ಇಟ್ಟುಕೊಳ್ಳಿ. ಆ ಐದು ಕಿಲೋವಿನ ಬೆಲೆಯೇನು? ಸೊನ್ನೆ. ಮನುಷ್ಯರು ತಿನ್ನದ, ಮಾರಲಾಗದ, ಕೊಳೆತು ಹೋಗುವ ಪದಾರ್ಥ. ಅಯೋವದ ಹಂದಿ ಮೂರೇ ಕಿಲೋ ತಿನ್ನುತ್ತಿತ್ತು. ಆ ಮೂರು ಕಿಲೋ ಏನು? ಜೋಳ, ಸೋಯಾ, ಗೋಧಿ. ಹಸಿದ ಮನುಷ್ಯ ಬೇಯಿಸಿ ತಿನ್ನಬಹುದಾದ ಧಾನ್ಯ. ಸೊನ್ನೆಯನ್ನು ಐದರಿಂದ ಗುಣಿಸಿದರೂ ಸೊನ್ನೆಯೇ. ದುಡ್ಡನ್ನು ಮೂರರಿಂದ ಗುಣಿಸಿದರೆ ಸಾಲ. ಹಾಗಾದರೆ ಯಾವ ಹಂದಿ ದಕ್ಷವಾದದ್ದು? ತಕ್ಕಡಿ ಸುಳ್ಳು ಹೇಳಲಿಲ್ಲ. ಆದರೆ ಅದು ಮೇವಿನ ತೂಕವನ್ನು ಹೇಳಿತೇ ಹೊರತು ಮೇವು ಯಾರ ತುತ್ತು ಎಂಬುದನ್ನು ಹೇಳಲಿಲ್ಲ; ಏರಿದ ಮಾಂಸವನ್ನು ಹೇಳಿತೇ ಹೊರತು ಉಳಿದ ಮಾನವನ್ನು ಹೇಳಲಿಲ್ಲ.

ಇಲ್ಲಿ ನನ್ನನ್ನು ಕಾಡುವ ಸಂಗತಿ ಒಂದುಂಟು. ಆ ಹಂದಿಗಳನ್ನು ತಂದವರು ದುಷ್ಟರಾಗಿದ್ದರೆ ವಿಷಯ ಸುಲಭವಾಗುತ್ತಿತ್ತು, ಬೈದು ಸುಮ್ಮನಾಗಬಹುದಿತ್ತು. ಆದರೆ ಅವರಲ್ಲಿ ಅನೇಕರು ಪ್ರಾಮಾಣಿಕರಾಗಿದ್ದಿರಬೇಕು. ತಮ್ಮ ಊರಿನ ಅಳತೆಯಲ್ಲಿ ಅತ್ಯುತ್ತಮವಾದುದನ್ನೇ ಅವರು ಕೊಟ್ಟರು. ಸುಳ್ಳು ಹೇಳಬಾರದು, ಕದಿಯಬಾರದು, ತೂಕದಲ್ಲಿ ಮೋಸಮಾಡಬಾರದು ಎಂಬ ನೀತಿಯನ್ನು ನಾವೆಲ್ಲ ಬಾಲ್ಯದಿಂದ ಕಲಿತಿದ್ದೇವೆ. ತೂಕದಲ್ಲಿ ಮೋಸವಿಲ್ಲದೆಯೂ ತಕ್ಕಡಿಯ ಆಯ್ಕೆಯಲ್ಲಿ ಅನ್ಯಾಯ ನಡೆಯಬಹುದೆಂಬುದನ್ನು ನಮಗೆ ಯಾರೂ ಕಲಿಸಲಿಲ್ಲ. ಅಳೆಯುವವನ ಹೊಣೆ ಸರಿಯಾಗಿ ಅಳೆಯುವುದರಲ್ಲಿ ಮುಗಿಯುತ್ತದೆಯೆ, ಅಥವಾ ಯಾವುದನ್ನು ಅಳೆಯಬೇಕೆಂಬ ನಿರ್ಧಾರಕ್ಕೂ ಅವನು ಉತ್ತರವಾದಿಯೆ? ನಾನು ಹೇಳಿದ ಧರ್ಮದ ಪ್ರಶ್ನೆ ಇದು.

ಇದಕ್ಕೆ ಆಕ್ಷೇಪಣೆ ಬರುವುದು ಸಹಜ. ಅದನ್ನು ಬದಿಗೊತ್ತುವುದು ನ್ಯಾಯವಲ್ಲ. ‘ಪೇಟೆಯಲ್ಲಿ ಕುಳಿತು ನಾಡಹಂದಿಯನ್ನು ಹೊಗಳುವುದು ಸುಲಭ. ಅದನ್ನು ಸಾಕಿಕೊಂಡು ಬಡವನಾಗಿಯೇ ಉಳಿಯುವವನು ಬೇರೊಬ್ಬ. ಬೇಗ ಬೆಳೆಯುವ ತಳಿಯಿಂದ ಅವನ ಆದಾಯ ಹೆಚ್ಚುವುದಾದರೆ ನಿನಗೇನು ಸಂಕಟ?’ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಸತ್ಯವುಂಟು. ಇನ್ನೂ ಒಂದು ಸತ್ಯವುಂಟು. ಕಟ್ಟಿಲ್ಲದೆ ತಿರುಗುವ ಹಂದಿ, ಪಾಯಿಖಾನೆಯಿಲ್ಲದ ಊರಿನಲ್ಲಿ, ಲಾಡಿಹುಳುವಿನ ಸಂಸಾರವನ್ನು ಬೆಳೆಸುತ್ತದೆ. ಆ ಹುಳುವಿನ ಮೊಟ್ಟೆ ಕೊಳೆಯ ಮೂಲಕ ಮನುಷ್ಯನ ಹೊಟ್ಟೆಗೆ ಹೋಗಿ, ಮರಿ ಮೆದುಳಿನಲ್ಲಿ ನೆಲೆಸಿದರೆ ಮೂರ್ಛೆರೋಗ ಬರುತ್ತದೆ. ಹಂದಿಯನ್ನು ಎಂದೂ ಮುಟ್ಟದ ಸಸ್ಯಾಹಾರಿಗೂ ಅದು ಬರಬಲ್ಲದು. ನಮ್ಮ ದೇಶದ ಮೂರ್ಛೆರೋಗಗಳ ಮುಖ್ಯ ಕಾರಣಗಳಲ್ಲಿ ಇದೊಂದು. ಬೀದಿಹಂದಿಯ ಮೇವು ಸೊನ್ನೆಯ ಬೆಲೆಯದೆಂದು ಹೇಳುವಾಗ ಈ ಬೆಲೆಯನ್ನು ಬಿಟ್ಟರೆ ನಾನೂ ಅರ್ಧ ತಕ್ಕಡಿಯಲ್ಲೇ ತೂಗಿದಂತಾಗುತ್ತದೆ.

ಆದುದರಿಂದ ನಾಡತಳಿ ಒಳ್ಳೆಯದು, ಹೊರತಳಿ ಕೆಟ್ಟದ್ದು ಎಂಬ ಘೋಷಣೆಯಿಂದ ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿಯೇ ನಡುವಣ ದಾರಿಯೊಂದನ್ನು ಹಿಡಿದವರಿದ್ದಾರೆ. ಉತ್ತರ ಬಂಗಾಳದ ಘುಂಗ್ರೂ ಎಂಬ ಕಪ್ಪುಹಂದಿ ಹೆಚ್ಚು ಮರಿ ಹಾಕುವುದರಲ್ಲಿ ಹೆಸರಾದದ್ದು. ಗುವಾಹಟಿಯ ಬಳಿಯ ರಾಣಿ ಎಂಬಲ್ಲಿರುವ ಹಂದಿ ಸಂಶೋಧನ ಕೇಂದ್ರದವರು ಅದನ್ನು ಹ್ಯಾಂಪ್‌ಶೈರ್ ತಳಿಯೊಡನೆ ಕೂಡಿಸಿ, ಅರ್ಧ ಅದು, ಅರ್ಧ ಇದು ಇರುವ ಮಿಶ್ರತಳಿಯನ್ನು ಮಾಡಿ ಅದಕ್ಕೂ ರಾಣಿ ಎಂದೇ ಹೆಸರಿಟ್ಟಿದ್ದಾರೆ. ಹೈಟಿಯಲ್ಲಿಯೂ ಮುಂದೆ ಬುದ್ಧಿ ಬಂದು, ಫ್ರಾನ್ಸಿನ ಗ್ಯಾಸ್ಕನ್, ಚೀನದ ಹಂದಿ, ಗ್ವಾಡಲೂಪಿನ ಕ್ರಿಯೋಲ್ ಇವುಗಳ ಮಿಶ್ರತಳಿಯನ್ನು ತಂದು ಹಂಚಿದರು. ಆದರೆ ಹಿಂದೆ ಇದ್ದ ಹೈಟಿಯ ಹಂದಿ ಹಿಂದಿರುಗಲಿಲ್ಲ. ತಪ್ಪು ಬೆಲೆ ಕಟ್ಟಿದ್ದನ್ನು ತಿದ್ದಬಹುದು. ಬೀಜವನ್ನೇ ಸುಟ್ಟಮೇಲೆ ತಿದ್ದುಪಡಿಗೆ ಜಾಗವಿಲ್ಲ.

ಪ್ರಾಣಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅದರ ಪರವಾಗಿ ಅರ್ಜಿ ಬರೆಯುವವರು ಯಾರೂ ಇಲ್ಲ. ಬೇಗ ಬೆಳೆಯುವುದು ಹಂದಿಗೆ ಲಾಭವೆ? ಬೇಗ ಬೆಳೆದರೆ ಬೇಗ ಕಟುಕನ ಮನೆ. ಕೊನೆ ಎರಡಕ್ಕೂ ಒಂದೇ ಎನ್ನಬಹುದು, ನಿಜ. ಆದರೆ ಬದುಕಿರುವಷ್ಟು ದಿನ ನೆಲ ಕೆದಕಿ, ಕೆಸರಿನಲ್ಲಿ ಹೊರಳಿ, ನೆರಳಿನಲ್ಲಿ ಮಲಗುವುದು ಹಂದಿಯಾಗಿ ಹುಟ್ಟಿದ್ದರ ಸುಖ. ಬೇಸಗೆಯ ಮಧ್ಯಾಹ್ನ, ತಗಡಿನ ಸೂರಿನಡಿಯಲ್ಲಿ, ಸಿಮೆಂಟಿನ ಮೇಲೆ, ತನ್ನ ಮೈಯ ಉರಿಯನ್ನೇ ತಾಳಲಾರದೆ ಏದುಸಿರು ಬಿಡುವ ಪ್ರಾಣಿಗೆ ಅದರ ಚಿಕ್ಕ ಅಂಕಿಯಿಂದ ಏನು ಸಮಾಧಾನ? ಕೊಂದು ತಿನ್ನುವವರಿಗೂ ಸಾಕುವ ಕಾಲದ ಋಣವೊಂದಿದೆಯೆಂದು ನಾನು ನಂಬಿದ್ದೇನೆ. ಆ ಋಣ ಯಾವ ಭಾಗಾಕಾರದಲ್ಲಿಯೂ ಕಾಣುವುದಿಲ್ಲ.

ಹಂದಿಯಿಂದ ಮನುಷ್ಯನ ಕಡೆಗೆ ಬರುವುದು ಅಗೌರವವೆಂದು ತೋರಬಹುದು. ಆದರೂ ಬರಲೇಬೇಕು, ಏಕೆಂದರೆ ಈ ಭಾಗಾಕಾರ ನಮ್ಮ ಮನೆಯೊಳಗೂ ಬಂದು ಕುಳಿತಿದೆ. ಇಷ್ಟು ಸಂಬಳಕ್ಕೆ ಇಷ್ಟು ಕೆಲಸ, ಇಷ್ಟು ಫೀಜಿಗೆ ಇಷ್ಟು ಅಂಕ, ಇಷ್ಟು ವರ್ಷಕ್ಕೆ ಇಷ್ಟು ಬಡತಿ. ನಮ್ಮ ತಾಯಂದಿರು ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಮಾಡುವ ಕೆಲಸ ದೇಶದ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಿದರೆ ಸೇರುತ್ತದೆ. ಮೂಲೆಯಲ್ಲಿ ಕುಳಿತ ಅಜ್ಜಿ ಎರಡು ತುತ್ತು ಉಂಡು ಏನು ಬೆಳೆಸುತ್ತಾಳೆ ಎಂದು ತಕ್ಕಡಿಯನ್ನು ಕೇಳಿದರೆ ‘ಏನೂ ಇಲ್ಲ’ ಎನ್ನುತ್ತದೆ. ಮೊಮ್ಮಗುವಿನ ಅಳು ಯಾವುದು ಹಸಿವಿನದು, ಯಾವುದು ಹೊಟ್ಟೆನೋವಿನದು ಎಂದು ಆ ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿರುವುದು ತೂಕಕ್ಕೆ ಬೀಳುವ ಪದಾರ್ಥವಲ್ಲ. ಹಂದಿಯ ವಿಷಯದಲ್ಲಿ ಒಪ್ಪಿಕೊಂಡ ತಕ್ಕಡಿಯನ್ನು ಅಜ್ಜಿಯ ವಿಷಯದಲ್ಲಿ ಒಪ್ಪುವುದಿಲ್ಲವೆಂದು ನಾವು ಹೇಳಿದರೆ ಸಾಲದು. ಏಕೆ ಒಪ್ಪುವುದಿಲ್ಲವೆಂಬ ಕಾರಣ ನಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಕಷ್ಟಕಾಲದಲ್ಲಿ ಒಪ್ಪಿಬಿಡುತ್ತೇವೆ.

ಹಾಗೆಂದು ಅಳೆಯುವುದನ್ನೇ ಬಿಡೋಣವೆ? ಕೂಡದು. ಅಳತೆ ಇಲ್ಲದ ಕಡೆ ಬಲಿಷ್ಠನ ಬಾಯಿಮಾತೇ ಅಳತೆಯಾಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ತಕ್ಕಡಿ ಇರುವುದರಿಂದಲೇ ಬಡವನಿಗೆ ತನ್ನ ಪಾಲು ಕೇಳುವ ಧೈರ್ಯ. ಬೇಕಾದದ್ದು ಅಳೆಯುವವನಿಗೆ ಮೂರು ಕಟ್ಟಳೆಗಳೆಂದು ನನಗನ್ನಿಸುತ್ತದೆ. ಮೊದಲನೆಯದು, ಅಂಕಿಯನ್ನು ಹೇಳುವಾಗಲೇ ಅದರಲ್ಲಿ ಏನನ್ನು ಸೇರಿಸಿಲ್ಲವೆಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಎರಡನೆಯದು, ತಕ್ಕಡಿ ತಪ್ಪಿದರೆ ನಷ್ಟ ಯಾರಿಗೋ ಅವನ ಕೈಯೂ ಆ ತಕ್ಕಡಿಯನ್ನು ಹಿಡಿದಿರಬೇಕು. ಹೈಟಿಯ ರೈತನನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ‘ನೀರಿಲ್ಲ ಸ್ವಾಮಿ’ ಎಂದು ಹೇಳುತ್ತಿದ್ದ. ಮೂರನೆಯದು, ಹಿಂದಿರುಗುವ ದಾರಿಯನ್ನು ಮುಚ್ಚಬಾರದು. ಹೊಸದನ್ನು ತರುವವನು ಹಳೆಯದರ ಒಂದು ಹಿಡಿ ಬೀಜವನ್ನಾದರೂ ಕಾಪಾಡಿಕೊಂಡಿರಬೇಕು. ಏಕೆಂದರೆ ನಾಳೆಯ ಸೆಕೆ ಎಷ್ಟು, ನಾಳೆಯ ರೋಗ ಯಾವುದು, ನಾಳೆಯ ಬಡತನ ಯಾವ ಬಗೆಯದು ಎಂಬುದು ಇಂದಿನ ಯಾವ ಭಾಗಾಕಾರಕ್ಕೂ ತಿಳಿಯದು.

ಈ ಮೂರನೆಯ ಕಟ್ಟಳೆ ನಮಗೆ ದೂರದ್ದಲ್ಲ. ೨೦೧೯ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದ ಹಂದಿಗಳ ಸಂಖ್ಯೆ ಸುಮಾರು ೯೦ ಲಕ್ಷ. ೨೦೧೨ರ ಗಣತಿಗಿಂತ ಅದು ನೂರಕ್ಕೆ ಹನ್ನೆರಡರಷ್ಟು ಕಡಮೆ. ಹಂದಿಯ ಮಾತು ಬೇಡವೆನ್ನುವವರು ಮಲೆನಾಡಿನ ಗಿಡ್ಡ ಹಸುವನ್ನು ನೋಡಲಿ. ಲೀಟರಿನ ಲೆಕ್ಕದಲ್ಲಿ ಅದು ಜರ್ಸಿಯ ಮುಂದೆ ನಿಲ್ಲಲಾರದು. ಮಳೆಯಲ್ಲಿ ನೆನೆದು, ಗುಡ್ಡ ಹತ್ತಿ, ಸೊಪ್ಪುಸದೆ ತಿಂದು ಸಂಜೆ ತಾನಾಗಿ ಮನೆಗೆ ಬರುವ ಲೆಕ್ಕದಲ್ಲಿ ಜರ್ಸಿ ಅದರ ಮುಂದೆ ನಿಲ್ಲಲಾರದು. ಎರಡು ಲೆಕ್ಕಗಳೂ ಸತ್ಯವೇ. ಯಾವ ಲೆಕ್ಕವನ್ನು ಯಾವ ಮನೆಯಲ್ಲಿ ಕೇಳಬೇಕೆಂಬ ವಿವೇಕ ಮಾತ್ರ ಅಂಕಿಗಳಿಂದ ಹುಟ್ಟುವುದಿಲ್ಲ. ಅದನ್ನು ಅಳೆಯುವವನು ತನ್ನೊಡನೆಯೇ ತರಬೇಕು. ತರದಿದ್ದರೆ ಬೆಲೆ ತೆರುವವನು ಅವನಲ್ಲ.